ಶಾಖೆಗಳಿರುವ ಕಂಪನಿಗೆ ಆ್ಯಕ್ಟಿವ್ ಡೈರೆಕ್ಟರಿ ಸೈಟ್‌ಗಳು: ಮಲೆನಾಡಿನ ಲೈನು, ಕರೆಂಟು ನೋಡಿ ಯೋಜಿಸುವುದು ಹೇಗೆ?

ಸಾಗರದ ಶಾಖೆಯಲ್ಲಿ ಪಾಸ್‌ವರ್ಡ್ ಒತ್ತಿದ ಮೇಲೆ ಡೆಸ್ಕ್‌ಟಾಪ್ ಬರಲು ನಾಲ್ಕೈದು ನಿಮಿಷ ಹಿಡಿದರೆ ಬೈಗುಳ ಮೊದಲು ಬೀಳುವುದು ಇಂಟರ್ನೆಟ್ ಕೊಡುವವರಿಗೆ. ಎಷ್ಟೋ ಸಲ ಅವರ ತಪ್ಪೇನೂ ಇರುವುದಿಲ್ಲ. ಪಕ್ಕದ ಕೋಣೆಯಲ್ಲೇ ಸರ್ವರ್ ಇದ್ದರೂ ಕಂಪ್ಯೂಟರು ತೀರ್ಥಹಳ್ಳಿಯ ಸರ್ವರನ್ನು ಹುಡುಕಿಕೊಂಡು ಹೋಗಿರುತ್ತದೆ, ಯಾಕೆಂದರೆ ಹತ್ತಿರದ್ದು ಯಾವುದು ಎಂದು ಅದಕ್ಕೆ ಯಾರೂ ಹೇಳಿಲ್ಲ. ಕಂಪನಿಯ ಬಳಕೆದಾರರ, ಕಂಪ್ಯೂಟರುಗಳ ಖಾತೆಗಳನ್ನು ಒಂದೇ ಕಡೆ ನೋಡಿಕೊಳ್ಳುವ ಮೈಕ್ರೋಸಾಫ್ಟಿನ ಆ್ಯಕ್ಟಿವ್ ಡೈರೆಕ್ಟರಿಯಲ್ಲಿ ಅದನ್ನು ಹೇಳುವುದು ಸೈಟ್‌ಗಳು.

ಸೈಟ್ ಮಾಡುವ ಕೆಲಸ ಮೂರು. ಯಾವ ಕಂಪ್ಯೂಟರು ಯಾವ ಡೊಮೈನ್ ಕಂಟ್ರೋಲರ್ ಹತ್ತಿರ ಹೋಗಬೇಕು (ಡೊಮೈನ್ ಕಂಟ್ರೋಲರ್ ಎಂದರೆ ಲಾಗಿನ್ ಪರೀಕ್ಷಿಸುವ ಸರ್ವರ್, ಮುಂದೆ ಇದನ್ನು ಡಿಸಿ ಎಂದೇ ಕರೆಯೋಣ), ಡಿಸಿಗಳು ತಮ್ಮೊಳಗೆ ಬದಲಾವಣೆಗಳನ್ನು ಎಷ್ಟು ಹೊತ್ತಿಗೊಮ್ಮೆ ಹಂಚಿಕೊಳ್ಳಬೇಕು, ಡಿಎಫ್‌ಎಸ್ (ಹಲವು ಸರ್ವರಿನ ಫೋಲ್ಡರುಗಳನ್ನು ಒಂದೇ ಹೆಸರಿನಲ್ಲಿ ತೋರಿಸುವ ವ್ಯವಸ್ಥೆ) ಬಳಸುತ್ತಿದ್ದರೆ ಒಂದೇ ಫೋಲ್ಡರಿನ ಹಲವು ಪ್ರತಿಗಳಲ್ಲಿ ಯಾವುದನ್ನು ತೆರೆಯಬೇಕು. ಈ ಮೂರೂ ನಿಂತಿರುವುದು ಐಪಿ ವಿಳಾಸದ ಮೇಲೆ. ಹಾಗಾಗಿ ಸೈಟ್‌ಗಳನ್ನು ಬರೆಯಬೇಕಾದ್ದು ಪ್ಯಾಕೆಟ್ ಹೋಗುವ ದಾರಿ ನೋಡಿಕೊಂಡು. ತಾಲ್ಲೂಕು ನಕ್ಷೆಯಲ್ಲಿ ಯಾವ ಊರು ಯಾವುದಕ್ಕೆ ಹತ್ತಿರ ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಉದಾಹರಣೆಗೆ ಒಂದು ಕಾಲ್ಪನಿಕ ಕಂಪನಿ ಇಟ್ಟುಕೊಳ್ಳೋಣ. ಅಡಿಕೆ ಖರೀದಿ, ಗೊಬ್ಬರ ಮತ್ತು ಕೃಷಿ ಸಾಮಗ್ರಿ ಮಾರಾಟ. ಮುಖ್ಯ ಕಚೇರಿ ಶಿವಮೊಗ್ಗದಲ್ಲಿ. ಶಾಖೆಗಳು ಭದ್ರಾವತಿ, ಸಾಗರ, ತೀರ್ಥಹಳ್ಳಿ, ಹೊಸನಗರದಲ್ಲಿ. ಕೊಯ್ಲಿನ ಹಂಗಾಮಿಗೆ ಮಾತ್ರ ತೆರೆಯುವ ಒಂದು ಖರೀದಿ ಕೇಂದ್ರ ಕೊಪ್ಪದಲ್ಲಿ. ಇಡೀ ಕಂಪನಿಗೆ ಒಂದೇ ಡೊಮೈನ್, ಅಂದರೆ ಎಲ್ಲರ ಖಾತೆಗಳೂ ಒಂದೇ ಆಡಳಿತದ ಕೆಳಗೆ.

ಮೊದಲು ಕಾಗದದ ಮೇಲೆ

ಸರ್ವರ್ ಮುಟ್ಟುವ ಮೊದಲು ಪ್ರತಿ ಶಾಖೆಗೆ ಒಂದು ಸಾಲಿನಂತೆ ಪಟ್ಟಿ ಮಾಡಿ. ಎಷ್ಟು ಕಂಪ್ಯೂಟರು, ಲೈನು ಯಾವ ಬಗೆಯದು, ಒಪ್ಪಂದದಲ್ಲಿ ಬರೆದ ವೇಗ ಎಷ್ಟು ಮತ್ತು ಮಧ್ಯಾಹ್ನ ಹನ್ನೆರಡಕ್ಕೆ ಅಳೆದಾಗ ಸಿಕ್ಕಿದ್ದು ಎಷ್ಟು, ವಿಪಿಎನ್ (ಇಂಟರ್ನೆಟ್ ಮೇಲೆಯೇ ಕಚೇರಿಗಳನ್ನು ಜೋಡಿಸುವ ಖಾಸಗಿ ದಾರಿ) ಎಲ್ಲಿಗೆ ಬಂದು ಸೇರುತ್ತದೆ, ಯುಪಿಎಸ್ ಎಷ್ಟು ಹೊತ್ತು ತಡೆಯುತ್ತದೆ, ಬೀಗ ಇರುವ ಸರ್ವರ್ ಕೋಣೆ ಇದೆಯೇ, ಶಾಖೆಯೊಳಗೇ ಇರುವ ಸರ್ವರಿನ ಮೇಲೆ ನಡೆಯುವ ಕೆಲಸ ಏನಾದರೂ ಇದೆಯೇ. ಕೊನೆಯ ಪ್ರಶ್ನೆ ಎಲ್ಲಕ್ಕಿಂತ ಮುಖ್ಯವಾದದ್ದು. ಅದಕ್ಕೆ ಮತ್ತೆ ಬರೋಣ.

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಲೆಕ್ಕ ಬೇರೆ ಇಡಿ. ವರ್ಷಕ್ಕೆ 7000 ಮಿಲಿಮೀಟರ್ ದಾಟುವ ಮಳೆ ಬೀಳುವ ಆಗುಂಬೆ ತೀರ್ಥಹಳ್ಳಿ ತಾಲ್ಲೂಕಿನಲ್ಲೇ ಇದೆ. ಮರ ಬಿದ್ದು ಫೈಬರ್ ತುಂಡಾದರೆ, ಮರ ತೆಗೆಯುವವರು ಬಂದು ಹೋದ ಮೇಲೆಯೇ ಕೇಬಲ್ ಜೋಡಿಸುವವರ ಸರದಿ. ಬೇಸಿಗೆಯಲ್ಲಿ ಅಳೆದ ಲೈನನ್ನು ನಂಬಿ ಮಾಡಿದ ಯೋಜನೆ ಜುಲೈನಲ್ಲಿ ನಿಲ್ಲುವುದಿಲ್ಲ.

ಐಪಿ ವಿಳಾಸ ಸರಿಪಡಿಸುವುದು

ಅರ್ಧಕ್ಕಿಂತ ಹೆಚ್ಚು ಕೆಲಸ ಇರುವುದೇ ಇಲ್ಲಿ. ಶಾಖೆಗಳು ಒಂದೊಂದಾಗಿ ಹುಟ್ಟಿಕೊಂಡಿದ್ದರೆ ಪ್ರತಿ ಕಡೆ ರೂಟರ್ ಡಬ್ಬದಿಂದ ತೆಗೆದಾಗ ಇದ್ದ 192.168.1.0/24 ಹಾಗೇ ಉಳಿದಿರುತ್ತದೆ. ಎರಡು ಊರಿಗೆ ಒಂದೇ ವಿಳಾಸ ಇದ್ದರೆ ಸೈಟ್ ಮಾಡಲು ಆಗುವುದೇ ಇಲ್ಲ. ಒಂದು ಸಬ್‌ನೆಟ್ (ಹೀಗೆ ಒಟ್ಟಿಗೆ ಬರೆದ ಐಪಿ ವಿಳಾಸಗಳ ಗುಂಪು; ಗೆರೆಯ ನಂತರದ ಅಂಕಿ ಚಿಕ್ಕದಾದಷ್ಟು ಗುಂಪು ದೊಡ್ಡದು) ಒಂದೇ ಸೈಟಿಗೆ ಸೇರಬಹುದು. ವಿಪಿಎನ್‌ನಲ್ಲಿ ನ್ಯಾಟ್ (ಒಂದು ವಿಳಾಸವನ್ನು ಇನ್ನೊಂದಕ್ಕೆ ಬದಲಿಸಿ ಕಳಿಸುವುದು) ಹಾಕಿ ಇದನ್ನು ಮುಚ್ಚಿಟ್ಟವರೂ ಇದ್ದಾರೆ. ಆಗ ಡಿಸಿಗೆ ಕಾಣುವುದು ನ್ಯಾಟ್ ಆದ ವಿಳಾಸ, ಕಂಪ್ಯೂಟರು ಡಿಎನ್‌ಎಸ್‌ನಲ್ಲಿ (ಹೆಸರಿಗೆ ತಕ್ಕ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಬರೆಸಿಕೊಳ್ಳುವುದು ಇನ್ನೊಂದು ವಿಳಾಸ. ಡಿಸಿ ಮತ್ತು ಡಿಸಿ ನಡುವೆಯಂತೂ ನ್ಯಾಟ್ ಇರಲೇಬಾರದು.

ಹೊಸದಾಗಿ ಹೀಗೆ ಹಂಚಬಹುದು: ಶಿವಮೊಗ್ಗಕ್ಕೆ 10.20.0.0/20, ಸಾಗರಕ್ಕೆ 10.20.16.0/22, ತೀರ್ಥಹಳ್ಳಿಗೆ 10.20.20.0/22, ಭದ್ರಾವತಿಗೆ 10.20.24.0/22, ಹೊಸನಗರಕ್ಕೆ 10.20.28.0/22, ಕೊಪ್ಪಕ್ಕೆ 10.20.32.0/22. ಒಂದು /22 ಎಂದರೆ ನಾಲ್ಕು /24. ಕಂಪ್ಯೂಟರಿಗೆ ಒಂದು, ಫೋನು ಮತ್ತು ಕ್ಯಾಮೆರಾಕ್ಕೆ ಒಂದು, ವೈಫೈಗೆ ಒಂದು, ಮುಂದಕ್ಕೆ ಒಂದು. ಆರು ಕಂಪ್ಯೂಟರಿರುವ ಹೊಸನಗರಕ್ಕೆ ಇಷ್ಟು ಯಾಕೆ ಎನ್ನಿಸಬಹುದು. ಆದರೆ ಖಾಸಗಿ ವಿಳಾಸಕ್ಕೆ ದುಡ್ಡು ಕೊಡಬೇಕಿಲ್ಲ, ಆಮೇಲೆ ವಿಳಾಸ ಬದಲಿಸಲು ಮಾತ್ರ ಒಂದು ಭಾನುವಾರವನ್ನೇ ಕೊಡಬೇಕು. ಮನೆಯಿಂದ ವಿಪಿಎನ್‌ನಲ್ಲಿ ಬರುವವರಿಗೆ 10.20.200.0/24 ಎಂದು ಬೇರೆ ಇಡಿ, ಮರೆಯಬೇಡಿ.

ಯಾವ ಶಾಖೆಗೆ ಡಿಸಿ, ಯಾವುದಕ್ಕೆ ಬೇಡ

ಲೈನು ಹೋದರೂ ಕೆಲಸ ನಿಲ್ಲಬಾರದು ಎಂದು ಪ್ರತಿ ಶಾಖೆಗೂ ಒಂದು ಡಿಸಿ ಇಡುವುದು ಒಳ್ಳೆಯ ಉದ್ದೇಶ, ಕೆಟ್ಟ ನಿರ್ಧಾರ. ಲೈನು ಹೋದಾಗ ಏನು ನಿಲ್ಲುತ್ತದೆ ಎಂಬುದನ್ನು ಬಿಡಿಸಿ ನೋಡಿ.

ವಿಂಡೋಸ್ ಕಂಪ್ಯೂಟರು ಹಿಂದೆ ಲಾಗಿನ್ ಆದವರ ಗುರುತನ್ನು ನೆನಪಿಟ್ಟುಕೊಂಡಿರುತ್ತದೆ, ಏನೂ ಬದಲಿಸದಿದ್ದರೆ ಕೊನೆಯ ಹತ್ತು ಮಂದಿಯದು. ಡಿಸಿ ಸಿಗದಿದ್ದರೂ ಅವರು ತಮ್ಮ ಕಂಪ್ಯೂಟರಿಗೆ ಲಾಗಿನ್ ಆಗುತ್ತಾರೆ. ಬಿಲ್ಲಿಂಗ್ ಸಾಫ್ಟ್‌ವೇರ್ ಶಿವಮೊಗ್ಗದ ಸರ್ವರಿನಲ್ಲಿದ್ದರೆ ಲೈನು ಹೋದಾಗ ಬಿಲ್ಲಿಂಗ್ ಹೇಗೂ ನಿಂತಿರುತ್ತದೆ. ಶಾಖೆಯಲ್ಲಿ ಡಿಸಿ ಇದ್ದು ಮಾಡುವುದು ಏನೂ ಇಲ್ಲ. ಶಾಖೆಯೊಳಗೇ ಫೈಲ್ ಸರ್ವರೋ ತೂಕದ ಲೆಕ್ಕದ ಡೇಟಾಬೇಸೋ ಇದ್ದರೆ ಮಾತು ಬೇರೆ. ಅದು ಪ್ರತಿ ಬಳಕೆದಾರನ ಗುರುತನ್ನು ಡಿಸಿಯಿಂದಲೇ ದೃಢಪಡಿಸಿಕೊಳ್ಳಬೇಕು. ಸರ್ವರ್ ಎರಡು ಅಡಿ ದೂರದಲ್ಲಿದ್ದರೂ ಡಿಸಿ ಸಿಗದಿದ್ದರೆ ಫೋಲ್ಡರ್ ತೆರೆಯುವುದಿಲ್ಲ.

ಈ ಅಳತೆಗೋಲಿಟ್ಟರೆ ನಮ್ಮ ಉದಾಹರಣೆ ಹೀಗೆ ಬಿಡಿಸಿಕೊಳ್ಳುತ್ತದೆ. ಸಾಗರ ಮತ್ತು ತೀರ್ಥಹಳ್ಳಿಯಲ್ಲಿ ಗೋದಾಮು ಇದೆ, ತೂಕದ ಲೆಕ್ಕ ಅಲ್ಲೇ ಇದೆ, ಮಳೆಗಾಲದಲ್ಲಿ ಲೈನು ಹೋಗುತ್ತದೆ. ಅಲ್ಲಿಗೆ ಡಿಸಿ ಬೇಕು. ಭದ್ರಾವತಿ ಶಿವಮೊಗ್ಗಕ್ಕೆ 20 ಕಿಲೋಮೀಟರಿನ ಆಸುಪಾಸು, ಒಳ್ಳೆಯ ಫೈಬರ್, ಅಲ್ಲಿ ಸ್ವಂತ ಸರ್ವರ್ ಇಲ್ಲ. ಅದಕ್ಕೆ ಬೇರೆ ಸೈಟ್ ಕೂಡ ಬೇಡ. ಅದರ ಸಬ್‌ನೆಟ್ಟನ್ನು ಶಿವಮೊಗ್ಗ ಸೈಟಿಗೇ ಸೇರಿಸಿ. ಹೊಸನಗರದ ವಿಷಯದಲ್ಲಿ ಎಡವುವವರು ಹೆಚ್ಚು. ನಕ್ಷೆಯಲ್ಲಿ ಶಿವಮೊಗ್ಗಕ್ಕಿಂತ ಸಾಗರವೇ ಹತ್ತಿರ, ಆದ್ದರಿಂದ ಸಾಗರ ಸೈಟಿಗೆ ಹಾಕೋಣ ಎನ್ನಿಸುತ್ತದೆ. ಆದರೆ ಅದರ ವಿಪಿಎನ್ ಮುಗಿಯುವುದು ಶಿವಮೊಗ್ಗದಲ್ಲಿ. ಸಾಗರಕ್ಕೆ ಸೇರಿಸಿದರೆ ಪ್ರತಿ ಲಾಗಿನ್ ಶಿವಮೊಗ್ಗಕ್ಕೆ ಬಂದು, ಸಾಗರಕ್ಕೆ ಹೋಗಿ, ಅದೇ ದಾರಿಯಲ್ಲಿ ಹಿಂದಿರುಗಬೇಕು. ಶಿವಮೊಗ್ಗ ಸೈಟೇ ಸರಿ.

ಕೊಪ್ಪದ ಹಂಗಾಮಿ ಕೇಂದ್ರದಲ್ಲಿ ಡಿಸಿ ಇಡಲೇಬೇಡಿ. ಅಳಿಸಿದ ಖಾತೆಗಳ ಗುರುತನ್ನು ಡೈರೆಕ್ಟರಿ ಇಟ್ಟುಕೊಳ್ಳುವುದು 180 ದಿನ. ವಿಂಡೋಸ್ ಸರ್ವರ್ 2003ರ ಮೊದಲ ಸರ್ವಿಸ್ ಪ್ಯಾಕಿಗೂ ಹಿಂದೆ ಹುಟ್ಟಿದ ಹಳೆಯ ಡೈರೆಕ್ಟರಿಯಾದರೆ 60 ದಿನವೇ ಇರಬಹುದು. ಕೊಯ್ಲು ಮುಗಿಸಿ ಬೀಗ ಹಾಕಿದ ಡಿಸಿ ಅದಕ್ಕಿಂತ ಹೆಚ್ಚು ದಿನ ಮಲಗಿ ಎದ್ದರೆ ಉಳಿದವು ಅದರೊಂದಿಗೆ ಲೆಕ್ಕ ಹಂಚಿಕೊಳ್ಳಲು ಒಪ್ಪುವುದಿಲ್ಲ, 2042 ಸಂಖ್ಯೆಯ ಈವೆಂಟ್ ಬರುತ್ತದೆ. ಆಗ ಅದನ್ನು ಬಲವಂತವಾಗಿ ಕಿತ್ತು, ಡೈರೆಕ್ಟರಿಯಲ್ಲಿ ಉಳಿದ ಅದರ ಹೆಸರನ್ನು ಒರೆಸಿ, ಹೊಸದಾಗಿ ಕಟ್ಟುವುದೇ ಸುಲಭ.

ಮುಖ್ಯ ಕಚೇರಿಯಲ್ಲಿ ಎರಡು ಡಿಸಿ ಇರಲಿ. ಒಂದೇ ಯಂತ್ರದ ಮೇಲೆ ಎರಡು ವರ್ಚುವಲ್ ಮಷೀನ್ ಇಟ್ಟರೆ ಅದು ಎರಡಾಗುವುದಿಲ್ಲ. ಒಂದೇ ಡೊಮೈನ್ ಆದ್ದರಿಂದ ಎಲ್ಲ ಡಿಸಿಗಳನ್ನೂ ಗ್ಲೋಬಲ್ ಕ್ಯಾಟಲಾಗ್ (ಇಡೀ ಡೈರೆಕ್ಟರಿಯಲ್ಲಿ ಹುಡುಕಲು ಬೇಕಾದ ಸೂಚಿ ಇರುವ ಡಿಸಿ) ಮಾಡಿಬಿಡಿ, ಅದರಿಂದ ಹೆಚ್ಚಿನ ಹೊರೆ ಬೀಳುವುದಿಲ್ಲ.

ಸೈಟ್ ಮತ್ತು ಸಬ್‌ನೆಟ್ ಬರೆಯುವುದು

ಆ್ಯಕ್ಟಿವ್ ಡೈರೆಕ್ಟರಿ ಸೈಟ್ಸ್ ಆ್ಯಂಡ್ ಸರ್ವಿಸಸ್ ತೆರೆಯಿರಿ. ಡೀಫಾಲ್ಟ್ ಫಸ್ಟ್ ಸೈಟ್ ನೇಮ್ ಎಂದು ಹುಟ್ಟಿಕೊಂಡಿರುವ ಸೈಟನ್ನು ಅಳಿಸಬೇಡಿ, ಅದಕ್ಕೆ ಶಿವಮೊಗ್ಗದ ಹೆಸರಿಡಿ. ಸೈಟಿನ ಹೆಸರು ಡಿಎನ್‌ಎಸ್ ದಾಖಲೆಯೊಳಗೂ ಹೋಗುವುದರಿಂದ ಇಂಗ್ಲಿಷ್ ಅಕ್ಷರ, ಅಂಕಿ, ಅಡ್ಡಗೆರೆ ಸಾಕು. ಖಾಲಿ ಜಾಗ, ಅಂಡರ್‌ಸ್ಕೋರ್ ಬೇಡ. ಊರಿನ ಹೆಸರು ಇಡಿ, ಬಾಡಿಗೆ ಕಟ್ಟಡದ ಹೆಸರು ಬೇಡ. (2014ರ ನವೆಂಬರ್‌ಗೆ ಮೊದಲು ಮಾಡಿದ ಕಡೆ ಶಿವಮೊಗ್ಗದ ಹಳೆಯ ಸ್ಪೆಲಿಂಗ್ ಇದ್ದರೆ ಇರಲಿ ಬಿಡಿ. ಬದಲಿಸಿ ಗಳಿಸುವುದೇನಿಲ್ಲ, ಆ ಹೆಸರನ್ನೇ ನಂಬಿದ ಯಾವುದೋ ಸ್ಕ್ರಿಪ್ಟ್ ಮುರಿಯಬಹುದು.)

ಆಮೇಲೆ ಸಾಗರ, ತೀರ್ಥಹಳ್ಳಿ ಸೈಟ್‌ಗಳು. ಆಮೇಲೆ ಮೇಲೆ ಪಟ್ಟಿ ಮಾಡಿದ ಎಲ್ಲ ಸಬ್‌ನೆಟ್‌ಗಳು, ಒಂದೊಂದಕ್ಕೂ ಅದರ ಸೈಟ್. ಕೊನೆಗೆ 10.20.0.0/16 ಎಂದು ಒಂದು ದೊಡ್ಡ ಸಬ್‌ನೆಟ್ ಬರೆದು ಶಿವಮೊಗ್ಗಕ್ಕೆ ಸೇರಿಸಿ. ಒಂದು ವಿಳಾಸ ಎರಡು ಸಬ್‌ನೆಟ್‌ಗೆ ಹೊಂದಿದರೆ ಚಿಕ್ಕದ್ದೇ ಗೆಲ್ಲುತ್ತದೆ, ಹಾಗಾಗಿ ಸಾಗರದ ಕಂಪ್ಯೂಟರು ಸಾಗರಕ್ಕೇ ಹೋಗುತ್ತದೆ. ನೀವು ಬರೆಯಲು ಮರೆತದ್ದು ಶಿವಮೊಗ್ಗಕ್ಕೆ ಬಂದು ಬೀಳುತ್ತದೆ. ಇದಿಲ್ಲದಿದ್ದರೆ ಆಗುವುದೇನು? ಯಾವ ಸೈಟಿಗೂ ಸೇರದ ಕಂಪ್ಯೂಟರಿಗೆ ಡೊಮೈನಿನ ಯಾವ ಡಿಸಿ ಬೇಕಾದರೂ ಸಿಗಬಹುದು. ಶಿವಮೊಗ್ಗದ ಕಂಪ್ಯೂಟರು ತೀರ್ಥಹಳ್ಳಿಯ ಡಿಸಿಯ ಮೂಲಕ ಲಾಗಿನ್ ಆಗುತ್ತಿದ್ದರೂ ಯಾರಿಗೂ ಗೊತ್ತಾಗುವುದಿಲ್ಲ, ಆ ಲೈನು ಬೀಳುವವರೆಗೆ.

ಸೈಟ್ ಲಿಂಕ್

ಯಾವ ಸೈಟಿನ ಡಿಸಿಗಳು ಯಾವ ಸೈಟಿನವುಗಳೊಂದಿಗೆ ಬದಲಾವಣೆ ಹಂಚಿಕೊಳ್ಳಬೇಕು ಎಂದು ಹೇಳುವುದು ಸೈಟ್ ಲಿಂಕ್. ಮೊದಲಿನಿಂದ ಇರುವ ಡೀಫಾಲ್ಟ್ ಐಪಿ ಸೈಟ್ ಲಿಂಕ್‌ನಲ್ಲಿ ಎಲ್ಲ ಸೈಟನ್ನೂ ತುಂಬಿ ಕೈತೊಳೆದುಕೊಳ್ಳುವುದು ಸುಲಭ. ಹಾಗೆ ಮಾಡಿದರೆ ಎಲ್ಲ ಊರಿನಿಂದ ಎಲ್ಲ ಊರಿಗೂ ಒಂದೇ ಖರ್ಚಿನ (ಇದು ದುಡ್ಡಲ್ಲ, ಕಾಸ್ಟ್ ಎಂಬ ಅಂಕಿ; ಕಡಿಮೆಯಾದಷ್ಟು ಒಳ್ಳೆಯ ದಾರಿ) ನೇರ ದಾರಿ ಇದೆ ಎಂದು ಡೈರೆಕ್ಟರಿ ತಿಳಿಯುತ್ತದೆ. ಆದ್ದರಿಂದ ಲಿಂಕಿಗೆ ಎರಡೇ ಸೈಟ್: ಶಿವಮೊಗ್ಗ–ಸಾಗರ ಒಂದು, ಶಿವಮೊಗ್ಗ–ತೀರ್ಥಹಳ್ಳಿ ಇನ್ನೊಂದು. ಆಮೇಲೆ ಹಳೆಯದನ್ನು ಅಳಿಸಿ.

ಸಾಗರಕ್ಕೆ ಫೈಬರ್ ಇದೆ, ಅದು ಹೋದರೆ 4ಜಿ ಇದೆ ಎಂದು ಎರಡು ಲಿಂಕ್ ಬರೆಯುವವರಿದ್ದಾರೆ. ಬೇಡ. ಸೈಟ್ ಲಿಂಕ್ ತಂತಿಯನ್ನು ಆರಿಸುವುದಿಲ್ಲ. ಫೈಬರ್ ಬಿಟ್ಟು 4ಜಿಗೆ ಹೊರಳುವುದು ರೂಟರಿನ ಕೆಲಸ.

ಖರ್ಚಿನ ಅಂಕಿಗೆ ಬಹಳ ಕಾಲದಿಂದ ಬಳಕೆಯಲ್ಲಿರುವ ಒಂದು ಸೂತ್ರವಿದೆ. ವೇಗವನ್ನು ಕೆಬಿಪಿಎಸ್‌ನಲ್ಲಿ ತೆಗೆದುಕೊಂಡು, ಹತ್ತರ ಆಧಾರದ ಲಾಗರಿದಮ್ ಕಂಡುಹಿಡಿದು, 1024ನ್ನು ಅದರಿಂದ ಭಾಗಿಸಬೇಕು. 2 ಎಂಬಿಪಿಎಸ್‌ಗೆ 309, 10ಕ್ಕೆ 255, 100ಕ್ಕೆ 204 ಬರುತ್ತದೆ. ಪ್ರತಿ ಶಾಖೆಗೂ ಒಂದೇ ಲಿಂಕ್ ಇರುವ ಕಡೆ ಡಿಸಿಗಳ ನಡುವಿನ ಹಂಚಿಕೆಗೆ ಈ ಅಂಕಿಯಿಂದ ಆಗುವ ವ್ಯತ್ಯಾಸ ಏನೂ ಇಲ್ಲ. ಡಿಸಿ ಇಲ್ಲದ ಸೈಟನ್ನು ಯಾರು ನೋಡಿಕೊಳ್ಳಬೇಕು, ಡಿಎಫ್‌ಎಸ್ ಎರಡನೆಯದಾಗಿ ಯಾವ ಸರ್ವರ್ ಸೂಚಿಸಬೇಕು ಎಂಬಲ್ಲಿ ಮಾತ್ರ ಅದು ಲೆಕ್ಕಕ್ಕೆ ಬರುತ್ತದೆ.

ಎಷ್ಟು ಹೊತ್ತಿಗೊಮ್ಮೆ ಹಂಚಿಕೆ ಎಂಬ ಅವಧಿಯ ಮಾತು ಹಾಗಲ್ಲ. ಅದು ಹುಟ್ಟಿನಿಂದ 180 ನಿಮಿಷ ಇರುತ್ತದೆ, ಮೂರು ಗಂಟೆ. ಪಾಸ್‌ವರ್ಡ್ ಬದಲಾವಣೆಗೆ ಇದರಿಂದ ತೊಂದರೆ ಕಡಿಮೆ: ಹೊಸ ಪಾಸ್‌ವರ್ಡ್ ಕೂಡಲೇ ಪಿಡಿಸಿ ಎಮ್ಯುಲೇಟರ್ ಪಾತ್ರದ (ಪಾಸ್‌ವರ್ಡ್, ಸಮಯದಂಥ ಕೆಲಸಗಳಿಗೆ ಡೊಮೈನಿಗೆ ಒಂದೇ ಇರುವ) ಡಿಸಿಗೆ ತಲುಪುತ್ತದೆ, ಶಾಖೆಯ ಡಿಸಿ ತಪ್ಪು ಪಾಸ್‌ವರ್ಡ್ ಎನ್ನುವ ಮೊದಲು ಅದನ್ನೊಮ್ಮೆ ಕೇಳುತ್ತದೆ. ಆದರೆ ಶಿವಮೊಗ್ಗದಲ್ಲಿ ಬೆಳಿಗ್ಗೆ ಹತ್ತಕ್ಕೆ ಕೆಲಸದಿಂದ ತೆಗೆದವನ ಖಾತೆಯನ್ನು ನಿಷ್ಕ್ರಿಯ ಮಾಡಿದರೆ ಸಾಗರದ ಡಿಸಿಯಲ್ಲಿ ಅದು ಮಧ್ಯಾಹ್ನ ಒಂದರವರೆಗೆ ಜೀವಂತವಾಗಿರಬಹುದು. ಅವಧಿಯನ್ನು 15ಕ್ಕೆ ಇಳಿಸಿ, ಅದಕ್ಕಿಂತ ಕೆಳಗೆ ಹೋಗುವುದಿಲ್ಲ. ಫೈಬರ್ ಗಟ್ಟಿಯಾಗಿದ್ದರೆ ಲಿಂಕಿನ ಆಟ್ರಿಬ್ಯೂಟ್ ಎಡಿಟರ್‌ನಲ್ಲಿ ಆಪ್ಷನ್ಸ್ ಎಂಬುದಕ್ಕೆ 1 ಬೆಲೆ ಕೊಡಿ. ಆಗ ಒಂದೇ ಸೈಟಿನೊಳಗೆ ಆಗುವ ಹಾಗೆ ಬದಲಾವಣೆಯಾದ ಸುಮಾರು 15 ಸೆಕೆಂಡಿಗೆ ಸುದ್ದಿ ಹೊರಡುತ್ತದೆ. ಕೆಲವು ನೂರು ಬಳಕೆದಾರರ ಕಂಪನಿಯಲ್ಲಿ ದಿನಕ್ಕೆ ಆಗುವ ಬದಲಾವಣೆ ಇಂದಿನ ಲೈನಿಗೆ ಯಾವ ಲೆಕ್ಕವೂ ಅಲ್ಲ.

ವೇಳಾಪಟ್ಟಿಯನ್ನು ಇಡೀ ದಿನಕ್ಕೆ ತೆರೆದಿಡಿ. ಹಗಲು ಲೈನು ಬಿಡುವಿರಲಿ ಎಂದು ರಾತ್ರಿ ಹತ್ತರಿಂದ ಬೆಳಿಗ್ಗೆ ಆರಕ್ಕೆ ಮಿತಿಗೊಳಿಸಿದರೆ, ಸಂಜೆ ಮನೆಗೆ ಹೊರಟವರು ಮಿಂಚಿನ ಹೆದರಿಕೆಗೆ ಮೇನ್ ಸ್ವಿಚ್ ಆಫ್ ಮಾಡಿ ಹೋಗುವ ಶಾಖೆಯಲ್ಲಿ ಹಂಚಿಕೆ ಆಗುವುದೇ ಇಲ್ಲ.

ಇನ್ನೆರಡು ಬಟನ್. ಪ್ರಿಫರ್ಡ್ ಬ್ರಿಡ್ಜ್‌ಹೆಡ್ (ಸೈಟಿನ ಪರವಾಗಿ ಬೇರೆ ಸೈಟಿನೊಂದಿಗೆ ಹಂಚಿಕೊಳ್ಳುವ ಡಿಸಿ) ಎಂದು ಯಾವ ಸರ್ವರನ್ನೂ ಗುರುತು ಮಾಡಬೇಡಿ. ಮಾಡಿದ ಸರ್ವರ್ ಕೆಟ್ಟರೆ ಡೈರೆಕ್ಟರಿ ಪಕ್ಕದಲ್ಲಿರುವ ಒಳ್ಳೆಯ ಸರ್ವರನ್ನೂ ಬಳಸುವುದಿಲ್ಲ. ಬ್ರಿಡ್ಜ್ ಆಲ್ ಸೈಟ್ ಲಿಂಕ್ಸ್ ಎಂಬುದು ಆನ್ ಆಗಿಯೇ ಇರುತ್ತದೆ, ಅಂದರೆ ಸಾಗರ ಮತ್ತು ತೀರ್ಥಹಳ್ಳಿ ಶಿವಮೊಗ್ಗದ ಮೂಲಕ ಪರಸ್ಪರ ತಲುಪಬಹುದು ಎಂಬ ನಂಬಿಕೆ. ಫೈರ್‌ವಾಲ್ ಶಾಖೆಯಿಂದ ಶಾಖೆಗೆ ಹೋಗಲು ಬಿಡದಿದ್ದರೆ, ಮತ್ತು ಶಾಖೆಗಳಲ್ಲಿ ಬರೆಯಬಲ್ಲ ಡಿಸಿ ಇದ್ದರೆ, ಅವು ಆಗದ ಸಂಪರ್ಕಕ್ಕೆ ಪ್ರಯತ್ನಿಸುತ್ತಿರುತ್ತವೆ. ಆಗ ಅದನ್ನು ಆಫ್ ಮಾಡಬಹುದು. ಡಿಎಫ್‌ಎಸ್ ದೂರದ ಸೈಟ್‌ಗಳ ಖರ್ಚು ಕೂಡಿಸುವುದು ಇದರಿಂದಲೇ ಎಂಬುದು ನೆನಪಿರಲಿ.

ಶಾಖೆಗೆ ಓದು-ಮಾತ್ರ ಡಿಸಿ

ಸಾಗರದ ಡಿಸಿ ಗೋದಾಮಿನ ಪಕ್ಕದ ಕೋಣೆಯಲ್ಲಿ, ಎಲ್ಲರ ಕೈಗೂ ಸಿಗುವ ಕಡೆ ಕೂರುತ್ತದೆ. ಅಂಥ ಕಡೆಗೆಂದೇ ವಿಂಡೋಸ್ ಸರ್ವರ್ 2008ರಲ್ಲಿ ಬಂದದ್ದು ಆರ್‌ಒಡಿಸಿ, ಓದು-ಮಾತ್ರ ಡಿಸಿ. ಅದರಲ್ಲಿ ಯಾರೂ ಏನೂ ತಿದ್ದಲಾರರು; ನೀವು ಒಪ್ಪಿದವರ ಪಾಸ್‌ವರ್ಡ್ ಮಾತ್ರ ಅದರೊಳಗೆ ಉಳಿಯುತ್ತದೆ. ಕಳುವಾದರೆ ಡೈರೆಕ್ಟರಿಯಲ್ಲಿ ಅದರ ಖಾತೆ ಅಳಿಸುವಾಗಲೇ ಅದರಲ್ಲಿದ್ದ ಪಾಸ್‌ವರ್ಡ್‌ಗಳನ್ನೆಲ್ಲ ರೀಸೆಟ್ ಮಾಡುವ ಆಯ್ಕೆ ಬರುತ್ತದೆ.

ಏನೂ ಹೊಂದಿಸದಿದ್ದರೆ ಆರ್‌ಒಡಿಸಿ ಯಾರ ಪಾಸ್‌ವರ್ಡನ್ನೂ ಇಟ್ಟುಕೊಳ್ಳುವುದಿಲ್ಲ. ಎಲ್ಲ ಲಾಗಿನ್ನನ್ನೂ ಶಿವಮೊಗ್ಗಕ್ಕೆ ಕೇಳಿ ಉತ್ತರ ಕೊಡುತ್ತಿರುತ್ತದೆ, ಲೈನು ಹೋದ ದಿನ ಅದೂ ಕೈ ಚೆಲ್ಲುತ್ತದೆ. ಅದಕ್ಕೆ ಸಾಗರದ ಬಳಕೆದಾರರದೊಂದು, ಸಾಗರದ ಕಂಪ್ಯೂಟರುಗಳದೊಂದು ಗುಂಪು ಮಾಡಿ, ಆ ಆರ್‌ಒಡಿಸಿಯ ಪಾಸ್‌ವರ್ಡ್ ರೆಪ್ಲಿಕೇಷನ್ ಪಾಲಿಸಿ ಟ್ಯಾಬಿನಲ್ಲಿ ಎರಡನ್ನೂ ಅನುಮತಿಸಿ. ಜನರನ್ನು ಸೇರಿಸಿ ಕಂಪ್ಯೂಟರುಗಳನ್ನು ಬಿಡುವುದು ಸಾಮಾನ್ಯ ತಪ್ಪು. ಕಂಪ್ಯೂಟರಿಗೂ ಡೊಮೈನಿನಲ್ಲಿ ಒಂದು ಖಾತೆ, ಒಂದು ಪಾಸ್‌ವರ್ಡ್ ಇದೆ. ಅದು ಆರ್‌ಒಡಿಸಿಯಲ್ಲಿ ಇಲ್ಲದಿದ್ದರೆ ಲೈನಿಲ್ಲದಾಗ ಬಳಕೆದಾರನ ಪಾಸ್‌ವರ್ಡ್ ಇದ್ದೂ ದಂಡ. ಅಲ್ಲಿನ ಫೈಲ್ ಸರ್ವರಿನ ಖಾತೆಯನ್ನೂ ಸೇರಿಸಿ. ಆಮೇಲೆ ಅದೇ ಟ್ಯಾಬಿನ ಅಡ್ವಾನ್ಸ್ಡ್ ಒತ್ತಿ ಪಾಸ್‌ವರ್ಡ್‌ಗಳನ್ನು ಮೊದಲೇ ತುಂಬಿಸಿ; ಇಲ್ಲದಿದ್ದರೆ ಒಬ್ಬೊಬ್ಬರೂ ಲೈನಿದ್ದಾಗ ಒಮ್ಮೆ ಲಾಗಿನ್ ಆಗುವವರೆಗೆ ಕಾಯಬೇಕು. ಡೊಮೈನ್ ಅಡ್ಮಿನ್ ಖಾತೆಗಳು ನಿರಾಕರಣೆಯ ಪಟ್ಟಿಯಲ್ಲಿ ಮೊದಲೇ ಇರುತ್ತವೆ, ಹಾಗೇ ಇರಲಿ.

ಸರ್ವರನ್ನು ಶಿವಮೊಗ್ಗದಲ್ಲೇ ಕಟ್ಟಿ ಡಿಸಿ ಮಾಡಿ ಜೀಪಿನಲ್ಲಿ ಸಾಗರಕ್ಕೆ ಕಳಿಸುವುದಾದರೆ ಒಂದು ಎಚ್ಚರ. ಡಿಸಿ ಆಗುವಾಗ ಇದ್ದ ಐಪಿ ನೋಡಿ ಅದು ಶಿವಮೊಗ್ಗ ಸೈಟಿನಲ್ಲಿ ಕೂತಿರುತ್ತದೆ. ಸಾಗರಕ್ಕೆ ಹೋಗಿ ಐಪಿ ಬದಲಿಸಿದರೂ ತಾನಾಗಿ ಜರುಗುವುದಿಲ್ಲ. ಸೈಟ್ಸ್ ಆ್ಯಂಡ್ ಸರ್ವಿಸಸ್‌ನಲ್ಲಿ ಸರ್ವರಿನ ಮೇಲೆ ಬಲ ಕ್ಲಿಕ್ ಮಾಡಿ ಮೂವ್ ಕೊಡಬೇಕು. ಲೇಖನದ ಮೊದಲಿಗೆ ಹೇಳಿದ ನಿಧಾನ ಲಾಗಿನ್‌ಗೆ ಕಾರಣ ಹುಡುಕಿದಾಗ ಸಿಗುವುದು ಬಹಳ ಸಲ ಇದೇ.

ಡಿಎನ್‌ಎಸ್, ಗಡಿಯಾರ, ವಿಪಿಎನ್

ಶಾಖೆಯ ಕಂಪ್ಯೂಟರಿಗೆ ಡಿಎನ್‌ಎಸ್ ವಿಳಾಸ ಕೊಡುವುದು ಸಾಮಾನ್ಯವಾಗಿ ರೂಟರು, ಅದು ಕೊಡುವುದು ತನ್ನದೇ ವಿಳಾಸ. ಅದನ್ನು ಬದಲಿಸಿ: ಡಿಸಿ ಇರುವ ಶಾಖೆಯಲ್ಲಿ ಮೊದಲನೆಯದು ಅಲ್ಲಿನ ಡಿಸಿ, ಎರಡನೆಯದು ಶಿವಮೊಗ್ಗದ್ದು. ಡಿಸಿ ಇಲ್ಲದ ಕಡೆ ಎರಡೂ ಶಿವಮೊಗ್ಗದವು. ಇಂಟರ್ನೆಟ್ಟಾದರೂ ಓಡಲಿ ಎಂದು ಎರಡನೆಯ ಸ್ಥಾನಕ್ಕೆ ಗೂಗಲ್‌ನ ಸಾರ್ವಜನಿಕ ಡಿಎನ್‌ಎಸ್ ಆದ 8.8.8.8 ಹಾಕಬೇಡಿ. ವಿಂಡೋಸ್ ಒಂದು ಸಲ ಅತ್ತ ಹೊರಳಿದರೆ ಅಲ್ಲೇ ಅಂಟಿಕೊಳ್ಳಬಹುದು, ನಿಮ್ಮ ಡೊಮೈನಿನ ಹೆಸರು ಅಲ್ಲಿ ಯಾರಿಗೂ ಗೊತ್ತಿಲ್ಲ. ವಿಪಿಎನ್ ಬಿದ್ದರೂ ಹೊಸನಗರದಲ್ಲಿ ಇಂಟರ್ನೆಟ್ ಬೇಕೆಂದರೆ ಡೊಮೈನಿನ ಹೆಸರನ್ನು ಮಾತ್ರ ಶಿವಮೊಗ್ಗಕ್ಕೆ ಕೇಳುವ, ಉಳಿದದ್ದನ್ನು ಹೊರಗೆ ಕೇಳುವ ಸೌಲಭ್ಯ ಇರುವ ರೂಟರ್ ಹಾಕಿ.

ಗಡಿಯಾರಗಳ ನಡುವೆ ಐದು ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸವಾದರೆ ಕೆರ್ಬರೋಸ್ (ಡೊಮೈನಿನಲ್ಲಿ ಗುರುತು ಪರೀಕ್ಷಿಸುವ ವಿಧಾನ) ಲಾಗಿನ್ ನಿರಾಕರಿಸುತ್ತದೆ. ಎರಡು ದಿನ ಕರೆಂಟಿಲ್ಲದೆ ಎದ್ದ, ಮದರ್‌ಬೋರ್ಡಿನ ಬ್ಯಾಟರಿ ಸತ್ತ ಸರ್ವರ್ ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತದೆ. ಪಿಡಿಸಿ ಎಮ್ಯುಲೇಟರ್ ಹೊರಗಿನ ಎನ್‌ಟಿಪಿ ಸಮಯ ಸರ್ವರಿನಿಂದ ಸಮಯ ಪಡೆಯಲಿ, ಉಳಿದವು ಡೊಮೈನಿನಿಂದ. ಆ ಬ್ಯಾಟರಿಯನ್ನು ಮೇ ತಿಂಗಳಲ್ಲೇ ಬದಲಿಸಿ.

ವಿಪಿಎನ್‌ನಲ್ಲಿ ತೆರೆದಿರಬೇಕಾದ ಪೋರ್ಟ್‌ಗಳು 53, 88, 123, 135, 389, 445, 464, 636, 3268 ಮತ್ತು 49152ರಿಂದ 65535. ಕೊನೆಯ ಶ್ರೇಣಿಯನ್ನು ಮರೆತರೆ ಲಾಗಿನ್ ಆಗುತ್ತದೆ, ಹಂಚಿಕೆ 1722 ಎಂಬ ದೋಷ ಕೊಟ್ಟು ನಿಲ್ಲುತ್ತದೆ. 8524 ಬಂದರೆ ಡಿಎನ್‌ಎಸ್ ನೋಡಿ. ಪಿಂಗ್ ಸರಾಗವಾಗಿ ಹೋಗುತ್ತಿದ್ದು ದೊಡ್ಡ ಫೈಲ್, ಹಂಚಿಕೆ ಎರಡೂ ನಡುವೆ ಸಿಕ್ಕಿಕೊಂಡರೆ ಪ್ಯಾಕೆಟ್ಟಿನ ಗಾತ್ರದ ಮೇಲೆ ಸಂಶಯ ಇಡಿ. ಪಿಪಿಪಿಒಇ (ಬಳಕೆದಾರ ಹೆಸರು, ಪಾಸ್‌ವರ್ಡ್ ಕೊಟ್ಟು ಜೋಡಿಸುವ ಬ್ರಾಡ್‌ಬ್ಯಾಂಡ್) ಲೈನಿನಲ್ಲಿ 1500 ಬೈಟಿನ ಬದಲು 1492 ಮಾತ್ರ ಹಿಡಿಯುತ್ತದೆ, ವಿಪಿಎನ್ ತನ್ನ ಪಾಲು ಇನ್ನಷ್ಟು ಕಳೆಯುತ್ತದೆ. ರೂಟರಿನಲ್ಲಿ ಟಿಸಿಪಿ ಎಂಎಸ್‌ಎಸ್ (ಒಂದು ಪ್ಯಾಕೆಟ್ಟಿನಲ್ಲಿ ಹೋಗಬಹುದಾದ ಡೇಟಾದ ಗರಿಷ್ಠ ಗಾತ್ರ) ಅನ್ನು 1300ರ ಆಸುಪಾಸಿಗೆ ಇಳಿಸಿ ನೋಡಿ.

ಪರೀಕ್ಷೆ

ಪ್ರತಿ ಊರಿನಲ್ಲಿ ಒಂದು ಕಂಪ್ಯೂಟರಿನಲ್ಲಿ ಎನ್‌ಎಲ್‌ಟೆಸ್ಟ್ ಕಮಾಂಡನ್ನು ಡಿಎಸ್‌ಗೆಟ್‌ಸೈಟ್ ಆಯ್ಕೆಯೊಂದಿಗೆ ಓಡಿಸಿ, ಸೈಟಿನ ಹೆಸರು ಬರಬೇಕು. 1919 ಎಂಬ ದೋಷ ಬಂದರೆ ಅದಕ್ಕೆ ಸೈಟೇ ಸಿಕ್ಕಿಲ್ಲ. ಯಾವ ಡಿಸಿ ಸಿಕ್ಕಿದೆ ಎಂದು ನೋಡಲು ಡಿಎಸ್‌ಗೆಟ್‌ಡಿಸಿ, ಜತೆಗೆ ಫೋರ್ಸ್ ಆಯ್ಕೆ. ಇಲ್ಲದಿದ್ದರೆ ಹಳೆಯ ನೆನಪನ್ನೇ ಹೇಳುತ್ತದೆ. ಶಿವಮೊಗ್ಗದ ಡಿಸಿಯಲ್ಲಿ ರೆಪ್‌ಅಡ್ಮಿನ್ ಕಮಾಂಡಿನ ರೆಪ್ಲ್‌ಸಮರಿ ಓಡಿಸಿದರೆ ಯಾವ ಡಿಸಿ ಎಷ್ಟು ಹೊತ್ತಿನಿಂದ ಲೆಕ್ಕ ಒಪ್ಪಿಸಿಲ್ಲ ಎಂದು ಒಂದೇ ನೋಟಕ್ಕೆ ಕಾಣುತ್ತದೆ. ಪ್ರತಿ ಡಿಸಿಯ ವಿಂಡೋಸ್ ಫೋಲ್ಡರಿನ ಡೀಬಗ್ ಒಳಗೆ ನೆಟ್‌ಲಾಗನ್ ಲಾಗ್ ಫೈಲಿದೆ. ಅದರಲ್ಲಿ ನೋ ಕ್ಲೈಂಟ್ ಸೈಟ್ ಎಂಬ ಸಾಲುಗಳನ್ನು ತಿಂಗಳಿಗೊಮ್ಮೆ ನೋಡಿ. ಯಾರೋ ಹೊಸ ವೈಫೈ ಹಾಕಿ ನಿಮಗೆ ಹೇಳದ ಸಬ್‌ನೆಟ್ ಅಲ್ಲಿ ಸಿಕ್ಕಿಬೀಳುತ್ತದೆ.

ಕೊನೆಯದು, ಹೆಚ್ಚಿನವರು ಮಾಡದ್ದು: ಮೇ ತಿಂಗಳ ಒಂದು ಶನಿವಾರ ಸಂಜೆ ಸಾಗರದ ರೂಟರಿನಿಂದ ಫೈಬರ್ ಕಿತ್ತು, 4ಜಿಯನ್ನೂ ಆಫ್ ಮಾಡಿ. ಎರಡು ಕಂಪ್ಯೂಟರು ರೀಸ್ಟಾರ್ಟ್ ಮಾಡಿಸಿ, ಲಾಗಿನ್ ಆಗಿಸಿ, ಗೋದಾಮಿನ ಫೋಲ್ಡರ್ ತೆರೆಸಿ, ಒಂದು ತೂಕದ ಚೀಟಿ ತೆಗೆಸಿ. ಒಂದು ಕಂಪ್ಯೂಟರು ಆ ಶಾಖೆಗೆ ಇತ್ತೀಚೆಗೆ ಬಂದದ್ದಾಗಿರಲಿ, ಗುಂಪಿಗೆ ಸೇರಿಸಲು ಮರೆತಿರುವುದು ಸಾಮಾನ್ಯವಾಗಿ ಅದನ್ನೇ.